ಬಚ್ಚಲಿನಿಂದ ಹಿತ್ತಲಿಗೆ ಹೋದ ಕೋಳಿಗಳು

ಬಾಣಂತನ ಮುಗಿಸಿಕೊಂಡು ಮಳಗಿಯ ತವರಿನಿಂದ ದಾಂಡೇಲಿಗೆ ಮರಳಿದ ಮಳೆಗಾಲದಲ್ಲಿ ನಾನು ತಲೆತಿರುಗಿ ಬೀಳತೊಡಗಿದೆ. ಮೊದಲು ನಳದ ಹತ್ತಿರ ಬಿದ್ದೆ. ಆಗ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಒಲೆಯ ಮುಂದೆ ಬಿದ್ದೆ. ಹಂಚಿನ ಮೇಲಿದ್ದ ರೊಟ್ಟಿ ಸೀದು ಮನೆಯೆಲ್ಲ ಹೊಗೆಯಾಯಿತು. ರೊಟ್ಟಿ ಸೀದ ಮೇಲೆ ವಿಷಯ ಗಂಭೀರವಾಗಿದೆ ಎಂದು ಎಲ್ಲರಿಗೂ ಅನಿಸಿ ನನ್ನನ್ನು ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ಮೈಸೂರು ಕಡೆಯವರು. ನನ್ನ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ನಮ್ಮನೆಯವರ ಕಡೆ ತಿರುಗಿದರು.

"ಮೈಯಲ್ಲಿ ರಕ್ತವೇ ಇಲ್ಲ. ದಿನಾ ಒಂದು ಮೊಟ್ಟೆ ಕೊಡಿ."

ನಮ್ಮನೆಯವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಸಾಹೇಬ್ರ, ನಾವು ಲಿಂಗಾಯತರು," ಎಂದರು.

"ಮೊಟ್ಟೆಗೆ ಅದು ಗೊತ್ತಿರಲ್ಲ," ಎಂದು ಹೇಳಿ ಡಾಕ್ಟರು ಮುಂದಿನವರನ್ನು ಕರೆದರು.

ನಮ್ಮನೆಯವರು ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್. ಯಾವ ಕೆಲಸವನ್ನೇ ಆಗಲಿ ಮೊದಲು ಬಿಚ್ಚಿ, ಹರವಿ, ನೋಡಿ, ಆಮೇಲೆ ಜೋಡಿಸುವ ಮನುಷ್ಯ. ಹಾಗೆ ಜೋಡಿಸುವಾಗ ಒಂದೆರಡು ಬೋಲ್ಟು ಕೈಯಲ್ಲೇ ಉಳಿಯುವುದೂ ಇತ್ತು. ಆ ದಿನ ದವಾಖಾನೆಯಿಂದ ಬಂಗೂರನಗರದ ನಮ್ಮ ಕ್ವಾರ್ಟರ್ಸಿನವರೆಗೆ ಸೈಕಲ್ಲು ನೂಕಿಕೊಂಡು ಬಂದರು. ಗೇಟಿನ ಹತ್ತಿರ ನಿಂತು ದನಿ ತಗ್ಗಿಸಿದರು.

"ಬಜಾರದಾಗ ತತ್ತಿ ತಗೊಂಡ್ರ ಅಂಗಡಿಯಾಂವ ಊರೆಲ್ಲಾ ಹೇಳ್ತಾನ. ಕೋಳೀನ ಸಾಕಿದ್ರ? ಮನ್ಯಾಗ ತತ್ತಿ ಇಟ್ರ ಯಾರಿಗ್ ಗೊತ್ತಾಗತೈತಿ?"

"ಕೋಳಿ ಗೊತ್ತಾಗೂದಿಲ್ಲೇನ್ರಿ?" ಎಂದೆ.

"ಕೋಳಿ ಕಂಡ್ರ ಸಾಕ್ಯಾರ ಅಂತಾರ. ತಿಂತಾರ ಅನ್ನೂದಿಲ್ಲ."

ಈ ತರ್ಕಕ್ಕೆ ಉತ್ತರ ಕೊಡುವಷ್ಟು ರಕ್ತ ಆಗ ನನ್ನ ಮೈಯಲ್ಲಿ ಇರಲಿಲ್ಲ. ಮುಂದಿನ ರಜೆಯ ದಿನ ಮೆಣಸಿನಕಾಯಿ ತರುತ್ತೇನೆಂದು ಹಳಿಯಾಳದ ಸಂತೆಗೆ ಹೋದವರು ಒಂದು ಬುಟ್ಟಿ ತುಂಬ ಕೋಳಿಮರಿ ತಂದರು. ನಾನು ಬುಟ್ಟಿಯೊಳಗೆ ಇಣುಕಿ ನೋಡಿದೆ. ಒಂದೊಂದೂ ನಿಂಬೆಹಣ್ಣಿಗಿಂತ ತುಸು ದೊಡ್ಡದು. ಇವು ಬೆಳೆದು ಮೊಟ್ಟೆ ಇಡುವ ಹೊತ್ತಿಗೆ ಚಳಿಗಾಲವೂ ಮುಗಿದಿರುತ್ತದೆ. ಅಲ್ಲಿಯವರೆಗೆ ನಾನು ಬೀಳದೆ ನಿಂತಿರಬೇಕು ಎಂಬುದು ಇವರ ಯೋಜನೆಯಲ್ಲಿ ಬಿಟ್ಟುಹೋದ ಬೋಲ್ಟು.

ಮನೆಯಲ್ಲಿ ಅತ್ತೆ ಇದ್ದರು. ಧಾರವಾಡ ಸೀಮೆಯ ಹಳ್ಳಿಯವರು. ದಿನವೂ ಸ್ನಾನ ಮಾಡಿ, ಹಣೆಗೆ ವಿಭೂತಿ ಎಳೆದು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡದೆ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ಮಾತ್ರ ಬಾಯಿಗೆ ಲಗಾಮು ಇರಲಿಲ್ಲ. ಬುಟ್ಟಿ ಹೊಸ್ತಿಲು ದಾಟುವ ಮೊದಲೇ ಅವರಿಗೆ ಚಿಂವ್ ಚಿಂವ್ ಕೇಳಿಸಿತು.

"ಏನಲೇ ಅದು?"

"ಯವ್ವಾ, ಡಾಕ್ಟರ್ ಹೇಳ್ಯಾರ. ಇಕೀ ಮೈಯಾಗ ರಕ್ತ ಇಲ್ಲಂತ. ತತ್ತಿ ತಿನ್ನಬೇಕಂತ."

"ಡಾಕ್ಟರ್ ನಾಳೆ ಟಗರು ಅಂದ್ರ ಅದನ್ನೂ ಹೊಡಕೊಂಡು ಬರ್ತೀಯೇನು?"

ಅತ್ತೆ ನನ್ನ ಕಡೆ ತಿರುಗಿದರು. "ನಿನಗ ತಿನ್ನೂ ಆಸೆ ಐತೇನ?"

"ಇಲ್ರೀ ಅತ್ತಿ. ಬೀಳಬಾರದು ಅನ್ನೂದೊಂದ ಆಸೆ ಐತ್ರಿ."

ಸಂಜೆಯೊಳಗೆ ಅತ್ತೆ ತಮ್ಮದೊಂದು ಸಣ್ಣ ಇದ್ದಿಲ ಶೇಗಡಿಯನ್ನು ಮುಂದಿನ ಕಟ್ಟೆಯ ಮೇಲೆ ಇಟ್ಟುಕೊಂಡು, ತಮ್ಮ ರೊಟ್ಟಿ ತಾವೇ ಬಡಿದುಕೊಳ್ಳಲು ಸುರುಮಾಡಿದರು. ದಾರಿಯಲ್ಲಿ ಹೋಗಿಬರುವವರೆಲ್ಲ ನಿಂತು ಯಾಕೆಂದು ಕೇಳುವರು. "ಒಳಗ ಸೆಕಿ," ಎನ್ನುವರು ಅತ್ತೆ. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು.

ಮರಿಗಳನ್ನು ಬಚ್ಚಲಿನಲ್ಲಿ ಇಟ್ಟೆವು. ದಾಂಡೇಲಿಯ ಆ ಮಳೆಯಲ್ಲಿ ಮನೆಯೊಳಗೆ ಬೆಚ್ಚಗಿರುವ ಜಾಗ ಅದೊಂದೇ. ಒಗೆದ ಬಟ್ಟೆ ವಾರಗಟ್ಟಲೆ ಒಣಗುತ್ತಿರಲಿಲ್ಲ, ಉಪ್ಪು ನೀರಾಗುತ್ತಿತ್ತು, ಚಪ್ಪಲಿಯ ಮೇಲೆ ಬೂಷ್ಟು ಬೆಳೆಯುತ್ತಿತ್ತು. ಬಚ್ಚಲ ಒಲೆಯಲ್ಲಿ ಮಾತ್ರ ಯಾವಾಗಲೂ ಕೆಂಡ. ಅದರ ಪಕ್ಕದಲ್ಲಿ ಗೋಣಿತಟ್ಟು ಹಾಸಿ, ಮರಿಗಳನ್ನು ಬಿಟ್ಟು, ಮೇಲೆ ಬುಟ್ಟಿ ಕವುಚಿದೆವು.

ತೊಂದರೆ ಎಂದರೆ ಮನೆಮಂದಿಯೂ ಅಲ್ಲೇ ಸ್ನಾನ ಮಾಡಬೇಕಿತ್ತು. ಬುಟ್ಟಿಯ ಸಂದಿಗಳಿಂದ ಅಷ್ಟೂ ಕಣ್ಣುಗಳು ಪಿಳಿಪಿಳಿ ನೋಡುತ್ತಿದ್ದವು. ನಮ್ಮನೆಯವರಿಗೆ ಇದರಿಂದ ಎಷ್ಟು ನಾಚಿಕೆಯೆಂದರೆ ಪಂಚೆ ಉಟ್ಟುಕೊಂಡೇ ಮೈ ತೊಳೆದುಕೊಳ್ಳುತ್ತಿದ್ದರು. ಅತ್ತೆಗೆ ನಾಚಿಕೆಯ ಪ್ರಶ್ನೆ ಇರಲಿಲ್ಲ, ಮಡಿಯ ಪ್ರಶ್ನೆ ಇತ್ತು. ಮೊದಮೊದಲು ಅವರ ಸ್ನಾನದ ಹೊತ್ತಿಗೆ ಬುಟ್ಟಿಯನ್ನು ನಾನು ಅಡುಗೆಮನೆಗೆ ಹೊರಬೇಕಾಗಿತ್ತು. ಅವರ ಸ್ನಾನ ದೊಡ್ಡದು. ಅಷ್ಟರಲ್ಲಿ ಮರಿಗಳು ಚಳಿಗೆ ಒಂದರ ಮೇಲೊಂದು ಹತ್ತಿ ಗುಡ್ಡೆಯಾಗುತ್ತಿದ್ದವು. ಒಂದು ದಿನ ಹಾಗೇ ಒಂದು ಮರಿ ಕೆಳಗೆ ಸಿಕ್ಕು ಸತ್ತಿತು. ಅತ್ತೆ ಅದನ್ನು ನೋಡಿದರು. ಮರುದಿನ ಬುಟ್ಟಿ ಎತ್ತಲು ಹೋದಾಗ, "ಇರಲಿ ಬಿಡ," ಎಂದರು. ಒಳಗಿನಿಂದ ನೀರಿನ ಸದ್ದಿನ ಜೊತೆಗೆ ಅವರ ದನಿಯೂ ಕೇಳಿಬಂತು: "ಏ ಮುಂಡೇವ, ಆ ಕಡೆ ನೋಡ್ರಿ. ಹುಟ್ಟಿದಾರಭ್ಯ ಮುದುಕೀನ್ನ ನೋಡಿಲ್ಲೇನು?"

ಜೋಳದ ನುಚ್ಚು ತಿಂದು ಮರಿಗಳು ಬೆಳೆದವು. ಮೈಮೇಲಿನ ಹತ್ತಿಯಂಥ ತುಪ್ಪಳ ಉದುರಿ, ನಡುವೆ ಅಲ್ಲಲ್ಲಿ ಗರಿ ಮೂಡಿ, ನೋಡಲು ಬಹಳ ಅಸಹ್ಯವಾದವು. ಕುತ್ತಿಗೆ ಉದ್ದ, ಕಾಲು ಉದ್ದ, ಬುದ್ಧಿ ಮಾತ್ರ ಇದ್ದಷ್ಟೇ. ಬುಟ್ಟಿ ಸಾಲದಾಯಿತು. ಬಚ್ಚಲೂ ಸಾಲದಾಯಿತು. ಒಂದು ಮರಿ ತೊಟ್ಟಿಲ ಹಗ್ಗದ ಮೇಲೆ ಕೂತು ನನ್ನ ಕೂಸನ್ನು ದಿಟ್ಟಿಸುತ್ತಿತ್ತು. ಇನ್ನೊಂದಕ್ಕೆ ಇವರ ಕಾರ್ಖಾನೆಯ ಬೂಟಿನೊಳಗೆ ಮಲಗುವ ಚಟ. ಇವರು ಒಂದು ಬೆಳಗ್ಗೆ ನೋಡದೆ ಕಾಲು ತೂರಿಸಿ, ಅದರ ಫಲವನ್ನು ಕಾಲುಚೀಲದಲ್ಲಿ ಅನುಭವಿಸಿದರು.

ಕೊನೆಗೆ ಒಂದು ಮರಿ ದೇವರ ಜಗಲಿಗೇ ಹಾರಿತು. ಅತ್ತೆ ಬಿಲ್ವಪತ್ರೆ ತೊಳೆದುಕೊಂಡು ಬರುವಷ್ಟರಲ್ಲಿ ವಿಭೂತಿಯ ಬಟ್ಟಲಿನಲ್ಲಿ ಅದು ತನ್ನ ಕೆಲಸ ಮುಗಿಸಿ ಇಳಿದುಹೋಗಿತ್ತು. ಅತ್ತೆ ಕೂಗಿದ ಕೂಗಿಗೆ ತೊಟ್ಟಿಲ ಕೂಸೂ ಎದ್ದು ಕೂಗಿತು.

ಇವರು ಓಡಿಬಂದು ಬಟ್ಟಲು ನೋಡಿ, ಸಮಾಧಾನ ಹೇಳುವ ಉತ್ಸಾಹದಲ್ಲಿ, "ಇರ್ಲಿ ಬಿಡವ್ವಾ. ವಿಭೂತೀನೂ ಸಗಣೀದ ಅಲ್ಲೇನು?" ಎಂದರು.

ಅತ್ತೆಯ ಕೈಯಲ್ಲಿದ್ದ ಹಿತ್ತಾಳೆಯ ತಂಬಿಗೆ ಇವರ ಕಿವಿಯ ಪಕ್ಕದಿಂದ ಹಾದು ಗೋಡೆಗೆ ಬಡಿಯಿತು. ತಂಬಿಗೆ ನೆಗ್ಗಿತು.

"ಇವತ್ತಿನಿಂದ ಅವು ಇರಬೇಕು, ಇಲ್ಲಾ ನಾ ಇರಬೇಕು. ಹಿತ್ತಲದಾಗ ಗೂಡು ಕಟ್ಟು. ಕಟ್ಟಾಕ ಬರದಿದ್ರ ನೀನ ಹೋಗಿ ಹಿತ್ತಲದಾಗ ಇರು."

ಗೂಡು ಕಟ್ಟುವುದು ಇವರಿಗೆ ಹಬ್ಬವಾಯಿತು. ಎಲ್ಲಿಯೋ ಪರದೇಶದಿಂದ ಯಂತ್ರ ತುಂಬಿಕೊಂಡು ಬಂದ ಒಂದು ಖಾಲಿ ಕಟ್ಟಿಗೆ ಪೆಟ್ಟಿಗೆಯನ್ನು ಕಾರ್ಖಾನೆಯಲ್ಲಿ ಕೇಳಿ ತಂದರು. ಮುಂಗುಲಿ, ಕಾಡುಬೆಕ್ಕು ಹತ್ತಬಾರದೆಂದು ಅದಕ್ಕೆ ನಾಲ್ಕು ಬಿದಿರಿನ ಕಾಲು ಕೊಟ್ಟರು. ಮೇಲೆ ತಗಡು. ಒಳಗೆ ಕೂರಲು ಅಡ್ಡಬಿದಿರು. ಗಾಳಿಗೆ ತೂತು. ಪೇರಲ ಗಿಡದ ಕೆಳಗೆ ಅದನ್ನು ನಿಲ್ಲಿಸಿ, ದೂರ ನಿಂತು ಎಲ್ಲರೂ ನೋಡಿದೆವು. ಪೆಟ್ಟಿಗೆಯ ಮೈಮೇಲೆ ಈ ಬದಿ ಮೇಲಿರಲಿ ಎಂದು ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿತ್ತು. ಆ ಅಕ್ಷರಗಳು ತಲೆಕೆಳಗಾಗಿದ್ದವು.

ಅತ್ತೆ ಸುತ್ತು ಹಾಕಿ ನೋಡಿ, "ಬಾಗಲಾ ಎಲ್ಲೈತಿ?" ಎಂದು ಕೇಳಿದರು.

ಬಾಗಿಲು ಇರಲಿಲ್ಲ. ಇವರು ಗರಗಸ ತಂದರು.

ಶ್ರಾವಣ ಕಳೆದು ಬಿಸಿಲು ಬಿದ್ದ ಒಂದು ಬೆಳಗ್ಗೆ ಕೋಳಿಗಳನ್ನು ಹೊರಗೆ ಸಾಗಿಸಿದೆವು. ಇವರು ಹಗಲು ಪಾಳಿಗೆ ಹೋಗಿದ್ದರು. ನಾನು ಒಂದೊಂದನ್ನೇ ಎದೆಗೆ ಒತ್ತಿಕೊಂಡು ಬಚ್ಚಲಿನಿಂದ ಹಿತ್ತಲಿಗೆ ನಡೆದೆ. ಅವು ರೆಕ್ಕೆಯಿಂದ ನನ್ನ ಮುಖಕ್ಕೆ ಬಡಿದವು, ಕುಪ್ಪಸದ ಮೇಲೆ ಹೇತವು. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು, ಬೀಗರನ್ನು ಬೀಳ್ಕೊಡುವವರ ಹಾಗೆ, "ಹೋಗ್ರಿ, ಹೋಗ್ರಿ, ಪೀಡಾ ಹೋತು," ಎನ್ನುತ್ತಿದ್ದರು. ಹಗಲೆಲ್ಲ ಅವು ಮಣ್ಣು ಕೆದರಿದವು, ಹುಳ ತಿಂದವು, ಬಿಸಿಲಲ್ಲಿ ಹೊರಳಿದವು. ಇಷ್ಟು ಸುಲಭವೇ ಎಂದು ನನಗೆ ಆಶ್ಚರ್ಯ. ಅತ್ತೆ ಬಚ್ಚಲಿಗೆ ಎರಡೆರಡು ಸಲ ನೀರು ಹೊಡೆದು ತಿಕ್ಕಿ, ತಮ್ಮ ಶೇಗಡಿಯನ್ನು ಕಟ್ಟೆಯಿಂದ ಒಳಗೆ ತಂದರು.

ಸಂಜೆ ಕಾರ್ಖಾನೆಯ ಭೋಂಗಾ ಕೂಗಿತು. ಬೆಳಕು ತಗ್ಗುತ್ತಿತ್ತು. ಕೋಳಿಗಳು ಕೆದರುವುದನ್ನು ನಿಲ್ಲಿಸಿ, ಗೂಡಿನ ಕಡೆ ತಿರುಗಿಯೂ ನೋಡದೆ, ಹಿತ್ತಲ ಬಾಗಿಲಿಗೆ ಬಂದು ನಿಂತವು. ನಾನು ಬಾಗಿಲು ಹಾಕಿಕೊಂಡೆ. ಅವು ಸ್ವಲ್ಪ ಹೊತ್ತು ಬಾಗಿಲ ಕಡೆ ಕತ್ತು ಓರೆ ಮಾಡಿ ನೋಡಿದವು. ಆಮೇಲೆ ಮನೆಯನ್ನು ಬಳಸಿ ಮುಂಬಾಗಿಲಿಗೆ ಹೊರಟವು.

ಅದು ಪಾಳಿ ಬಿಟ್ಟ ಹೊತ್ತು. ಊಟದ ಡಬ್ಬಿ ತೂಗುಹಾಕಿಕೊಂಡು, ಸೈಕಲ್ಲು ಹೊಡೆದುಕೊಂಡು, ಸಾಲು ಸಾಲಾಗಿ ಜನ. ಅವರ ನಡುವೆ ನಮ್ಮ ಕೋಳಿಗಳು. ಹಿಂದೆ ಬರಿಗಾಲಲ್ಲಿ, ಸೆರಗು ಸಿಕ್ಕಿಸಿಕೊಂಡು, "ಹೊಯ್, ಹೊಯ್" ಎನ್ನುತ್ತ ನಾನು. ಒಂದು ಕೋಳಿ ಸೈಕಲ್ಲಿನ ಚಕ್ರಕ್ಕೆ ಸಿಗುವುದರಲ್ಲಿತ್ತು, ಸವಾರನೇ ಬಿದ್ದ. ಯಾರೋ, "ಲಿಂಗಾಯತರ ಕೋಳಿ ಬಂದಾವ್ರೋ, ದಾರಿ ಬಿಡ್ರೋ!" ಎಂದು ಕೂಗಿದರು. ನಗು ಈ ತುದಿಯಿಂದ ಆ ತುದಿಗೆ ಹೋಯಿತು.

ಆಗ ದೂರದಲ್ಲಿ ನಮ್ಮನೆಯವರು ಬರುವುದು ಕಂಡಿತು. ನಾನು ಕೈ ಬೀಸಿದೆ. ಅವರು ನನ್ನನ್ನು ನೋಡಿದರು, ಕೋಳಿಗಳನ್ನು ನೋಡಿದರು, ಜನರನ್ನು ನೋಡಿದರು. ಸೈಕಲ್ಲನ್ನು ಮೆಲ್ಲಗೆ ತಿರುಗಿಸಿ, ಆ ಮನೆಯೇ ತಮ್ಮದಲ್ಲ ಎಂಬಂತೆ ಬಂದ ದಾರಿಯಲ್ಲಿ ಹೊರಟುಹೋದರು.

ಅತ್ತೆ ಕಟ್ಟೆಯ ಮೇಲೆ ನಿಂತು ಇದೆಲ್ಲ ನೋಡಿ, "ಏ, ಬಾಗಲಾ ತೆಗಿ," ಎಂದು ನನಗೆ ಕೂಗಿದರು. "ಮರ್ಯಾದಿ ಅಂತೂ ಹೊರಗ ಹೋತು. ಕೋಳಿ ಆದ್ರೂ ಒಳಗ ಬರ್ಲಿ."

ಕೋಳಿಗಳು ಮುಂಬಾಗಿಲಿನಿಂದ ನಡೆದು, ಪಡಸಾಲೆ ದಾಟಿ, ಅಡುಗೆಮನೆ ದಾಟಿ, ತೊಳೆದ ಬಚ್ಚಲಿಗೆ ಹೋಗಿ ಒಲೆಯ ಪಕ್ಕದಲ್ಲಿ ಕೂತವು. ಯಾರಿಗೂ ಗೊತ್ತಾಗದಿರಲಿ ಎಂದು ಸುರುವಾದ ಕೋಳಿ ಸಾಕಣೆ ಅಂದಿನಿಂದ ಕ್ವಾರ್ಟರ್ಸಿಗೆಲ್ಲ ಗೊತ್ತಾಯಿತು.

ಪಕ್ಕದ ಮನೆಯಲ್ಲಿ ಜೋಯಿಡಾ ಕಡೆಯ ಕೊಂಕಣಿ ಹೆಂಗಸು ಇದ್ದಳು. ಗಂಡ ಬಿದಿರಿನ ಲಾರಿ ಓಡಿಸುತ್ತಿದ್ದ. ನಾವೆಲ್ಲ ಅವಳನ್ನು ಬಾಯಿ ಎಂದೇ ಕರೆಯುತ್ತಿದ್ದೆವು. ಬೇಲಿಯ ಆಚೆಯಿಂದ ಇಡೀ ಮೆರವಣಿಗೆಯನ್ನು ನೋಡಿ ನಕ್ಕು ನಕ್ಕು ಅವಳಿಗೆ ಬಿಕ್ಕಳಿಕೆ ಹತ್ತಿತ್ತು. ನೀರು ಕುಡಿದು ಸುಧಾರಿಸಿಕೊಂಡು ಉಪದೇಶ ಮಾಡಿದಳು.

"ಅಗೋ ಬಾಯಿ, ಬೆಳಕಿನ್ಯಾಗ ಒಯ್ದ್ರೆ ಅವು ವಾಪಸ್ ಬರ್ತಾವ. ದೀಪ ಹಚ್ಚಿದ ಮೇಲೆ ನಿದ್ದಿ ಹತ್ತಿರ್ತದಲ್ಲ, ಆವಾಗ ಒಯ್ಯಿ. ಗೂಡಿನ ಸುತ್ತ ತಿರುಗಿಸಿ ಒಳಗ ಹಾಕು. ನಾಕು ದಿವ್ಸ ಬಾಗಿಲಾ ತೆಗೀಬ್ಯಾಡ. ಆಮೇಲೆ ಅದೇ ಮನಿ ಅಂತ ತಿಳ್ಕೋತಾವ."

"ತಿರುಗಸೂದು ಯಾಕ?" ಎಂದು ಅತ್ತೆ ಕೇಳಿದರು.

"ಗೊತ್ತಿಲ್ಲಾ. ನಮ್ಮಾಯಿ ತಿರುಗಿಸ್ತಿತ್ತು."

ಬಾಯಿಯ ಮದ್ದನ್ನು ಒಪ್ಪಿದರೂ ತಮ್ಮದೊಂದು ಸೇರಿಸದಿದ್ದರೆ ಅತ್ತೆಗೆ ಸಮಾಧಾನವಿಲ್ಲ. ಹೋಗಿ ಹೊಸ ವಿಭೂತಿ ತಂದು ಗೂಡಿನ ಬಾಗಿಲ ಮೇಲೆ ಮೂರು ಬೆರಳಿನಿಂದ ಎಳೆದರು. "ಕಾಡಬೆಕ್ಕು ಬರಬಾರದು," ಎಂದರು. ಹೀಗೆ ನಮ್ಮ ಗೂಡಿಗೆ ತಲೆಕೆಳಗಾದ ಇಂಗ್ಲಿಷೂ ನೆಟ್ಟಗಿನ ವಿಭೂತಿಯೂ ಆಯಿತು.

ಮರುದಿನ ದೀಪ ಹಚ್ಚಿದ ಮೇಲೆ ನಾನೂ ಇವರೂ ಬಚ್ಚಲಿಗೆ ಹೋದೆವು. ಹಿಂದಿನ ದಿನ ನನ್ನ ಮುಖಕ್ಕೆ ಬಡಿದ ಅವೇ ಕೋಳಿಗಳು ಈಗ ಬಿಸಿ ಹಿಟ್ಟಿನ ಉಂಡೆಗಳಂತೆ ಕೈಯಲ್ಲಿ ಕೂತವು. ಎತ್ತಿದರೆ ಸಣ್ಣಗೆ ಗೊಣಗಿ ಮತ್ತೆ ಕಣ್ಣು ಮುಚ್ಚುತ್ತಿದ್ದವು. ಇವರು ಒಂದೊಂದನ್ನೂ ಶ್ರದ್ಧೆಯಿಂದ ಗೂಡಿನ ಸುತ್ತ ತಿರುಗಿಸಿ, ಒಳಗೆ ಅಡ್ಡಬಿದಿರಿನ ಮೇಲೆ ಕೂರಿಸಿದರು. ಕೊನೆಯದಕ್ಕೆ ಇವರ ತಲೆಯೇ ತಿರುಗಿ ಪೇರಲ ಗಿಡ ಹಿಡಿದುಕೊಂಡರು. ಮನೆಯಲ್ಲಿ ತಲೆ ತಿರುಗುವವರು ನಾನೊಬ್ಬಳೇ ಅಲ್ಲ ಎಂದು ನನಗೆ ತುಸು ಸಂತೋಷವಾಯಿತು.

ಬಾಗಿಲು ಹಾಕಿಟ್ಟ ದಿನಗಳಲ್ಲಿ ಕೋಳಿಗಳು ಒಳಗಿನಿಂದ ಒದರಿದ್ದೇ ಒದರಿದ್ದು. ಮೊದಲು ಕರಗಿದವರು ಅತ್ತೆ. ಹಾಗೆಂದು ಹೇಳಿದರೆ ತಂಬಿಗೆ ಬರುತ್ತಿತ್ತು, ಆದ್ದರಿಂದ ನಾವು ಹೇಳಲಿಲ್ಲ. ಅವು ಒದರಿದರೆ ತಮ್ಮ ಪೂಜೆ ಕೆಡುತ್ತದೆ ಎಂಬ ನೆಪ ಹೇಳಿ, ಹೂಬತ್ತಿ ಹೊಸೆಯುವ ಹತ್ತಿಯನ್ನು ತೆಗೆದುಕೊಂಡು ಗೂಡಿನ ಪಕ್ಕದಲ್ಲೇ ಮಣೆ ಹಾಕಿ ಕೂತರು. ತೂತಿನಲ್ಲಿ ಬೆರಳು ತೂರಿಸಿ ನುಚ್ಚು ಹಾಕುವುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಗಾಳಿ ಬೀಸಿದಾಗ ತಮ್ಮ ಹಳೆಯ ಕೌದಿ ತಂದು ತಗಡಿನ ಮೇಲೆ ಹೊದಿಸಿದರು.

"ಅತ್ತೀ, ಕೌದಿ ಯಾಕ್ರಿ?" ಎಂದೆ.

"ತಗಡಾ ತುಕ್ಕ ಹಿಡೀತೈತಿ," ಎಂದರು.

ಬಾಯಿ ಹೇಳಿದಷ್ಟು ದಿನ ಕಳೆದ ಮೇಲೆ ಬಾಗಿಲು ತೆಗೆದೆವು. ಅವು ಹಗಲೆಲ್ಲ ತಿರುಗಿ, ಸಂಜೆ ಒಂದರ ಹಿಂದೆ ಒಂದು ಗೂಡು ಸೇರಿದವು. ನಾವು ಗೆದ್ದೆವು ಎಂದುಕೊಂಡೆವು.

ಆ ವಾರವೇ ಅತ್ತೆಯ ಊರಿನ ಅಯ್ಯನವರು ಬಂದರು. ಹತ್ತಿರದ ಸಾಂಬ್ರಾಣಿ ಎಂಬ ಊರಿನ ಭಕ್ತರ ಮನೆಗೆ ಬಂದವರು ನಮ್ಮ ಮನೆಗೂ ಪಾದ ಬೆಳೆಸಿದ್ದರು. ಬಲು ದೊಡ್ಡ ಆಳು, ಮಂಡಿ ನೋವು, ಒಳ್ಳೆಯ ಹಸಿವು. ದಾರಿಯಲ್ಲಿ ಹುಯ್ದ ಮಳೆಗೆ ಮೈಮೇಲಿನ ಕಾವಿ ತೊಯ್ದು ಕೆಸರಾಗಿತ್ತು. ಇವರ ಒಂದು ಪಂಚೆ ಉಡಿಸಿ, ಕಾವಿಯನ್ನು ಅತ್ತೆ ತಮ್ಮ ಕೈಯಾರೆ ಒಗೆದರು. ಒಣಹಾಕುವುದು ಎಲ್ಲಿ? ಬೇಲಿಯ ಮೇಲೆ ಹಾಕೋಣವೆಂದರೆ ಆಚೆ ಬದಿಗೆ ಬಾಯಿ ಒಣಮೀನು ಹರಡಿದ್ದಳು. ಹಿತ್ತಲಿನಲ್ಲಿ ವಿಭೂತಿ ಬಿದ್ದ ಪವಿತ್ರ ಜಾಗ ಒಂದೇ ಇತ್ತು. ಅತ್ತೆ ಅಯ್ಯನವರ ಕಾವಿಯನ್ನು ಕೋಳಿಗೂಡಿನ ಮೇಲೆ ಉದ್ದಕ್ಕೆ ಹರವಿದರು. ಅದರ ಅಂಚು ಇಳಿದು ಗೂಡಿನ ಬಾಗಿಲನ್ನು ಪೂರ್ತಿ ಮುಚ್ಚಿತು. ಆ ಗಡಿಬಿಡಿಯಲ್ಲಿ ಅದು ಯಾರ ಲಕ್ಷ್ಯಕ್ಕೂ ಬರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಪಾದಪೂಜೆ. ಪಡಸಾಲೆಯ ಕುರ್ಚಿಯಲ್ಲಿ ಅಯ್ಯನವರು, ಅವರ ಎರಡೂ ಪಾದ ಹಿತ್ತಾಳೆಯ ಪರಾತದಲ್ಲಿ. ನಮ್ಮ ಪೈಕಿ ನಾಲ್ಕಾರು ಮನೆಯವರೂ ಬಂದು ಕೂತಿದ್ದರು. ಇವರು ಪಾದಕ್ಕೆ ನೀರು ಎರೆದರು. ಅತ್ತೆ ಪತ್ರೆ ಏರಿಸಿದರು. ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದಾಗ, ಕೂಸನ್ನು ಎತ್ತಿಕೊಂಡಿದ್ದ ನನಗೆ ಕೈಮುಗಿಯಲು ಆಗದ್ದರಿಂದ ನಾನೊಬ್ಬಳೇ ಕಣ್ಣು ಬಿಟ್ಟುಕೊಂಡಿದ್ದೆ.

ಅಡುಗೆಮನೆಯ ಬಾಗಿಲಿನಿಂದ ಕೋಳಿಗಳು ಬಂದವು. ಗೂಡಿನ ಬಾಗಿಲು ಕಾಣದೆ ತಮ್ಮ ಹಳೆಯ ಮನೆ ನೆನಪಾಗಿ ಹಿತ್ತಲ ಬಾಗಿಲಿನಿಂದ ಒಳಗೆ ನುಗ್ಗಿದ್ದವು. ಬಚ್ಚಲ ಬಾಗಿಲು ಹಾಕಿತ್ತು. ಹಾಗಾಗಿ ಬೆಳಕಿದ್ದ ಕಡೆ ಸಾಲಾಗಿ ನಡೆದು ಬಂದು ಪಾದಪೂಜೆಯ ಮುಂದೆ ನಿಂತವು. ಚುಕ್ಕೆ ಚುಕ್ಕೆಯ ಒಂದು ಕೋಳಿ ಪರಾತದ ಅಂಚಿಗೆ ಹಾರಿ ಕೂತಿತು. ಪಾದ ತೊಳೆದ ನೀರಿಗೆ ಕೊಕ್ಕು ಅದ್ದಿತು. ತಲೆ ಮೇಲೆತ್ತಿ, ಕಣ್ಣು ಮುಚ್ಚಿ, ಗುಟುಕರಿಸಿತು. ಅಷ್ಟು ಭಕ್ತಿಯಿಂದ ಪಾದೋದಕ ಕುಡಿದವರನ್ನು ನಾನು ನಮ್ಮ ಜನರಲ್ಲೂ ನೋಡಿರಲಿಲ್ಲ. ಮತ್ತೊಮ್ಮೆ ಕುಡಿಯಿತು. ಆಮೇಲೆ ಅಯ್ಯನವರ ಹೆಬ್ಬೆರಳಿನ ಉಗುರನ್ನು ಜೋಳವೆಂದು ತಿಳಿದು ಕುಕ್ಕಿತು.

"ಹಾಯ್!" ಎಂದು ಅಯ್ಯನವರು ಕಣ್ಣು ಬಿಟ್ಟರು.

ಎಲ್ಲರೂ ಕಣ್ಣು ಬಿಟ್ಟರು. ಅತ್ತೆಯ ಕೈಯಲ್ಲಿದ್ದ ಪತ್ರೆಯೆಲ್ಲ ಉದುರಿತು. ಕಾಲು ಎತ್ತಿದರೆ ಪೂಜೆ ಕೆಡುತ್ತದೆ, ಇಟ್ಟರೆ ಕೋಳಿ ಕುಕ್ಕುತ್ತದೆ. ಅಯ್ಯನವರು ಒಂದು ಪಾದ ನೀರಲ್ಲಿ, ಒಂದು ಪಾದ ಗಾಳಿಯಲ್ಲಿ ಇಟ್ಟುಕೊಂಡು ಕೇಳಿದರು: "ಯಾರ ಕೋಳಿ ಇವು?"

ಪಕ್ಕದ ಮನೆಯ ಬಾಯಿಯ ಕೋಳಿ ಎಂದರೆ ಮುಗಿದುಹೋಗುತ್ತಿತ್ತು. ಇವರು ಹಾಗೆ ಹೇಳಲೆಂದೇ ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆ ಎದ್ದು ನಿಂತರು.

"ನಮ್ಮವ್ರೀ ಅಯ್ನೋರ. ನಮ್ಮ ಸೊಸಿ ಒಲಿ ಮುಂದ ಬಿದ್ಲ್ರಿ. ಇನ್ನೊಂದಿಷ್ಟ ಆ ಕಡೆ ಬಿದ್ದಿದ್ರ ಬೆಂಕಿಯಾಗ ಬೀಳಾಕಿ. ಡಾಕ್ಟರ್ ತತ್ತಿ ತಿನ್ನಂದ. ಅದಕ್ಕ ನಾವ ಸಾಕೇವ್ರಿ. ನಾವ ಅಂದ್ರ ನಾನ."

ಇಷ್ಟು ದಿನ ಅತ್ತೆಗೆ ನನಗಿಂತ ರೊಟ್ಟಿ ಸೀದದ್ದೇ ದೊಡ್ಡದು ಎಂದು ನಾನು ತಿಳಿದಿದ್ದೆ. ಬಂದವರೆಲ್ಲ ನೆಲ ನೋಡುತ್ತ ಕೂತರು. ಅಯ್ಯನವರು ಕೋಳಿಯನ್ನು ನೋಡಿದರು. ಕೋಳಿ ಅವರನ್ನು ನೋಡಿತು. ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ಹೆಗಲು, ಆಮೇಲೆ ಕುರ್ಚಿ.

"ಪಾದೋದಕ ಕುಡದಮ್ಯಾಲೆ ಇನ್ನೇನ್ ಮಾಡೂದವ್ವಾ? ಅದೂ ನಮ್ಮಾಂವನ ಆತು."

ಇವರಿಗೆ ಧೈರ್ಯ ಬಂದು ತರ್ಕ ಜಾಗೃತವಾಯಿತು. "ಹಂಗಾದ್ರ ಅಯ್ನೋರ, ಈ ಕೋಳಿ ಇಟ್ಟ ತತ್ತಿ ನಡೀತೈತೇನ್ರಿ?"

"ನನ್ನ ಯಾಕ ಕೇಳ್ತಿ? ನಾ ಏನ್ ಬಿದ್ದೇನೇನು? ಬಿದ್ದಾಕೀನ್ನ ಕೇಳು. ನನಗ ಹಸಿವ್ಯಾಗೇತಿ."

ಬಿದ್ದವಳನ್ನು ಯಾರೂ ಕೇಳಲಿಲ್ಲ, ಎಲ್ಲರೂ ಊಟಕ್ಕೆ ಎದ್ದರು. ಬೆಳಗ್ಗೆ ಅಯ್ಯನವರ ಕಾವಿಯನ್ನು ಗೂಡಿನ ಮೇಲಿನಿಂದ ತೆಗೆದಾಗ ಅಲ್ಲಲ್ಲಿ ಕೋಳಿಯ ಗುರುತು ಬಿದ್ದಿತ್ತು. ಅತ್ತೆ ಮತ್ತೆ ಒಗೆಯಲು ಹೊರಟರು. ಅಯ್ಯನವರು ಕಸಿದುಕೊಂಡು ಉಟ್ಟು, "ಇರ್ಲಿ ಬಿಡವ್ವಾ, ಕಾವಿ ಮ್ಯಾಲೆ ಏನೂ ಕಾಣೂದಿಲ್ಲ," ಎಂದು ಬಸ್ಸು ಹತ್ತಿದರು.

ಪಾದೋದಕ ಕುಡಿದ ಕೋಳಿಯ ತತ್ತಿಯ ಮೇಲೆ ಇವರು ಬಹಳ ಭರವಸೆ ಇಟ್ಟಿದ್ದರು. ಚಳಿಗಾಲ ಬರುವಷ್ಟರಲ್ಲಿ ಅದಕ್ಕೆ ಕೆಂಪು ಜುಟ್ಟು ಎದ್ದಿತು, ಬಾಲ ಬಾಗಿತು. ಒಂದು ಬೆಳಗ್ಗೆ ಗೂಡಿನ ತಗಡಿನ ಮೇಲೆ ನಿಂತು, ಗಂಟಲು ಕೆಟ್ಟ ಭೋಂಗಾದ ಹಾಗೆ ಕೂಗಿತು. ಹುಂಜ! ಇವರು ಹಲ್ಲುಜ್ಜುವುದನ್ನು ನಿಲ್ಲಿಸಿ ಅದನ್ನೇ ನೋಡುತ್ತ ನಿಂತರು.

ತತ್ತಿ ಇಡುವ ಕೆಲಸ ಪಾದೋದಕ ಕುಡಿಯದ ಸಾದಾ ಕೋಳಿಗಳ ಪಾಲಿಗೆ ಬಂತು. ಮೊದಲ ಮೊಟ್ಟೆ ಸಿಕ್ಕಿದ್ದು ಶಿವರಾತ್ರಿಯ ದಿನ, ಮನೆಯಲ್ಲಿ ಎಲ್ಲರೂ ಉಪವಾಸವಿದ್ದಾಗ. ಅತ್ತೆಯೇ ಅದನ್ನು ಕಂಡು, ಉರಿಯುವ ಕೆಂಡದಂತೆ ಸೆರಗಿನಲ್ಲಿ ಹಿಡಿದುಕೊಂಡು ನಿಂತರು. ಆ ದಿನ ಅದನ್ನು ನುಚ್ಚಿನ ಡಬ್ಬಿಯಲ್ಲಿ ಮುಚ್ಚಿಟ್ಟರು. ಮರುದಿನ ಪೂಜೆ ಮುಗಿಸಿ ನನ್ನನ್ನು ಕರೆದರು.

"ನಡಿ, ಬಾಯಿ ಮನಿಗೆ ಹೋಗೂಣು. ನಮ್ಮ ಒಲಿ ಮ್ಯಾಲೆ ಬ್ಯಾಡ."

ಬಾಯಿಯ ಅಂಗಳದಲ್ಲಿ ನಿಂತು ಮೊಟ್ಟೆಯನ್ನು ಅವಳ ಕೈಗೆ ಇಳಿಸಿ, "ನಮ್ಮ ಸೊಸಿಗೆ ಔಷಧ ಮಾಡಿ ಕೊಡ್ರಿ," ಎಂದು ಹೇಳಿ, ತಾವು ಮೆಟ್ಟಿಲ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತರು. ಬಾಯಿ ಅದನ್ನು ಕುದಿಸಿ, ಸುಲಿದು, ಉಪ್ಪು ಮೆಣಸಿನಪುಡಿ ಹಚ್ಚಿ ಬಸಿಯಲ್ಲಿ ಇಟ್ಟಳು. ಹುಟ್ಟಿದ ಮೇಲೆ ಮೊದಲ ಸಲ. ನಾನು ಕಣ್ಣು ಮುಚ್ಚಿ ಕಚ್ಚಿದೆ.

ಹೊರಗಿನಿಂದ ಅತ್ತೆಯ ದನಿ: "ತಿಂದೇನ?"

"ತಿನ್ನಾಕತ್ತೇನ್ರೀ."

ಮತ್ತೆ ಕೇಳಿದರು: "ಹೆಂಗೈತಿ?"

ನಾನು ವಿಚಾರ ಮಾಡಿದೆ. ಬಿಳಿಯ ಭಾಗಕ್ಕೆ ರುಚಿಯೇ ಇರಲಿಲ್ಲ. ಹಳದಿ ಭಾಗ ಅಂಗುಳಿಗೆ ಮೆತ್ತಿಕೊಂಡು ನಾಲಗೆ ಆಡದಂತಾಯಿತು. "ಏನೂ ಇಲ್ರೀ ಅತ್ತಿ. ಉಪ್ಪಿನ ರುಚಿ ಐತ್ರಿ."

"ಇಷ್ಟಕ್ಕ ಇಷ್ಟೆಲ್ಲಾ ಕುಣದ್ವೇನ!" ಎಂದು ಅತ್ತೆ ಹಣೆ ಬಡಿದುಕೊಂಡ ಸದ್ದು ಒಳಗೆ ಕೇಳಿಸಿತು. ಬಾಯಿಗೆ ಮತ್ತೆ ಬಿಕ್ಕಳಿಕೆ ಹತ್ತಿತು.

ಆ ಬೇಸಿಗೆಯೆಲ್ಲ ದಿನವೂ ಬಾಯಿಯ ಮನೆಯಲ್ಲಿ ನನ್ನ ಔಷಧ ನಡೆಯಿತು. ಅತ್ತೆ ಕರೆದುಕೊಂಡು ಹೋಗುವುದು, ಬೆನ್ನು ಮಾಡಿ ಕೂರುವುದು, ಕರೆದುಕೊಂಡು ಬರುವುದು. ನಾನು ಬೀಳುವುದು ನಿಂತಿತು. ಮೊಟ್ಟೆಯಿಂದ ನಿಂತಿತೋ, ಕೊಡ ಹೊರುವ ಕೆಲಸವನ್ನು ಅಷ್ಟರಲ್ಲಿ ಇವರು ವಹಿಸಿಕೊಂಡದ್ದರಿಂದ ನಿಂತಿತೋ, ನನಗೆ ಇಂದಿಗೂ ಗೊತ್ತಿಲ್ಲ.

ಹುಂಜ ಮಾತ್ರ ಬಹಳ ಕಾಲ ಬದುಕಿತು. ಅದರ ಮೇಲೆ ಕಣ್ಣು ಹಾಕಿ ಕೇಳಿಕೊಂಡು ಬಂದವರಿಗೆಲ್ಲ ಅತ್ತೆಯದು ಒಂದೇ ಉತ್ತರ: "ಅದು ನಮ್ಮಾಂವ ಐತಿ." ಈ ಬೆಂಬಲದಿಂದ 'ನಮ್ಮವನು' ಕ್ವಾರ್ಟರ್ಸಿನ ರೌಡಿಯಾದ. ಅಂಚೆಯವನನ್ನು ಗೇಟಿನೊಳಗೆ ಬಿಡುತ್ತಿರಲಿಲ್ಲ, ಬಾಯಿಯ ಹುಂಜದ ಒಂದು ಕಣ್ಣು ತೆಗೆದ, ಪೂಜೆಯ ಹೊತ್ತಿಗೆ ಸರಿಯಾಗಿ ಕಿಟಕಿಯಲ್ಲಿ ಬಂದು ಕೂಗುತ್ತಿದ್ದ. ವಯಸ್ಸಾಗಿ ಜುಟ್ಟು ಜೋತುಬಿದ್ದು, ಒಂದು ಬೆಳಗ್ಗೆ ಪೇರಲ ಗಿಡದ ಬುಡದಲ್ಲಿ ಸತ್ತು ಬಿದ್ದಿದ್ದ.

ಇವರು ಸಲಿಕೆ ತಂದು ಅಲ್ಲೇ ಕುಣಿ ತೋಡಿದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಹೂಳುತ್ತಾರೆ. ಇವರು ಹುಂಜವನ್ನು ಕೈಯಲ್ಲಿ ಹಿಡಿದುಕೊಂಡು, ನಿಜವಾಗಿಯೂ ಗೊಂದಲಕ್ಕೆ ಬಿದ್ದು ಕೇಳಿದರು:

"ಯವ್ವಾ, ಇದನ್ನ ಕೂಡಸೂದೋ, ಮಲಗಸೂದೋ?"

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಕೋಳಿ ಹೆಂಗ ಕೂಡತೈತಿ ಹಂಗ ಕೂಡಸು. ಎಲ್ಲಾ ನನ್ನ ಕೇಳ್ತಿ."

ಇವರು ಕಾಲು ಮಡಿಸಿ, ರೆಕ್ಕೆ ಸರಿಮಾಡಿ ಕೂರಿಸಿದರು. ಕತ್ತು ನಿಲ್ಲಲಿಲ್ಲ. ಎರಡು ಸಲ ಎತ್ತಿ ನಿಲ್ಲಿಸಿ, ಮೂರನೆಯ ಸಲ ಮಣ್ಣು ಎಳೆದರು. ಅತ್ತೆ ಮನೆಯೊಳಗೆ ಹೋಗಿ, ಮನೆಯವರನ್ನು ಮಣ್ಣು ಮಾಡಿ ಬಂದವರ ಹಾಗೆ ತಲೆಯ ಮೇಲೆ ನೀರು ಹಾಕಿಕೊಂಡು ಬಂದರು. ಒದ್ದೆ ಕೂದಲು ಝಾಡಿಸಿಕೊಳ್ಳುತ್ತ, ನೆಗಡಿಯಾಗಿದೆ, ಚಹಾಕ್ಕೆ ಇವತ್ತು ಒಂದಿಷ್ಟು ಶುಂಠಿ ಹಾಕು ಎಂದು ನನಗೆ ಹೇಳಿದರು.